ಪೊರಕೆ ಹಿಡಿದ ಅಜ್ಜಿ, ಸೀಮೆಸುಣ್ಣದ ಗುರುತು

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷ ನಾನು ಕಾಮಾಕ್ಷಿಪಾಳ್ಯದ ಕಡೆ ಹಿರಿಯ ಆರೋಗ್ಯ ಸಹಾಯಕಿಯಾಗಿದ್ದೆ. ಪಲ್ಸ್ ಪೋಲಿಯೋಗೆ ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆಯರ ಮೇಲ್ವಿಚಾರಣೆ ನನ್ನದು. ಮಕ್ಕಳಿಗೆಲ್ಲ ಹನಿ ಹಾಕಿಯಾದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’ ಎಂದು, ಮಗು ಸಿಗದ ಮನೆಗೆ ‘ಎಕ್ಸ್’ ಎಂದು ಬರೆಯುವುದು ನಮ್ಮ ಪದ್ಧತಿ. ಎಕ್ಸ್ ಅಂದರೆ ಮತ್ತೆ ಬರುತ್ತೇವೆ ಎಂದರ್ಥ.

ಅವತ್ತು ಮಾಗಡಿ ರಸ್ತೆ ಪಕ್ಕದ ಒಂದು ವಠಾರದಲ್ಲಿ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ದಿದ್ದರು. ನಮ್ಮ ಆಶಾ ಕಾರ್ಯಕರ್ತೆ ಸುಧಾ ಸಾಲಾಗಿ ಎಕ್ಸ್ ಎಳೆದಳು. ರಸ್ತೆ ಅಗಲ ಮಾಡಲು ಮನೆ ಒಡೆಯುತ್ತಾರೆಂಬ ಪುಕಾರು ಅಲ್ಲಿ ಹಬ್ಬಿದ್ದ ಕಾಲವದು. ಗೋಡೆ ನೋಡಿದವರ ಎದೆ ಧಸಕ್ಕೆಂದಿತು. ಜನ ಸುಧಾಳ ಕೈಯಿಂದ ಹನಿಯ ಐಸ್ ಡಬ್ಬ ಕಿತ್ತುಕೊಂಡು, ಅವಳನ್ನು ಒಳಗೇ ಬಿಟ್ಟು ಗೇಟಿಗೆ ಬೀಗ ಜಡಿದರು.

“ಮೇಡಂ, ಹೊಡೀತಾರೆ, ಬೇಗ ಬನ್ನಿ!” ಎಂದು ಸುಧಾ ಫೋನಿನಲ್ಲಿ ಅತ್ತಳು.

ಪೊಲೀಸರಿಗೆ ತಿಳಿಸಿ ಆಟೋ ಹತ್ತಿದೆ. ಅವರಿಗಿಂತ ನಾನೇ ಮೊದಲು ತಲುಪಿದೆ. ಗೇಟಿನ ಮುಂದೆ ಪುಟ್ಟಮ್ಮ ಎಂಬ ಅಜ್ಜಿ ಕಡ್ಡಿ ಪೊರಕೆ ಹಿಡಿದು ನಿಂತಿದ್ದರು.

“ಯಾರನ್ನ ಕೇಳಿ ನಮ್ಮನೆ ಒಡೆಯೋಕೆ ಗುರ್ತು ಹಾಕಿದ್ರಿ?”

ಆಗ ವಿಷಯ ಹೊಳೆಯಿತು. ನಗು ಬಂತು. ಗೇಟಿನ ಪಕ್ಕ ರಸ್ತೆಗೇ ಇದ್ದ ಅಜ್ಜಿಯ ಮನೆ ಗೋಡೆಯ ಎಕ್ಸನ್ನು ಸೆರಗಿನಿಂದ ಒರೆಸಿಬಿಟ್ಟೆ.

“ಅಜ್ಜಿ, ಒಡೆಯೋರು ಕೆಂಪು ಪೇಂಟ್ ತರ್ತಾರೆ. ಅದು ಹಿಂಗೆ ಒರೆಸಿದ್ರೆ ಹೋಗತ್ತಾ? ನಿಮ್ಮ ಮೊಮ್ಮಗು ಸಿಗ್ಲಿಲ್ಲ, ಪೋಲಿಯೋ ಹಾಕೋಕೆ ಮತ್ತೆ ಬರ್ತೀವಿ ಅನ್ನೋ ಗುರ್ತು ಇದು.”

ಅಜ್ಜಿ ಗೋಡೆಯನ್ನೂ ಬೆಳ್ಳಗಾದ ನನ್ನ ಸೆರಗನ್ನೂ ನೋಡಿದರು. “ಬಾಯಿ ಬಿಟ್ಟು ಹೇಳೋಕೇನು ದಾಡಿ?” ಎಂದು ಗದರಿ ಬೀಗ ತೆಗೆಸಿದರು. ಪೊಲೀಸರು ಬಂದಾಗ ನಾವು ಅವರ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆವು.

ಸುಧಾ ಮಾತ್ರ ಲೋಟ ಕೆಳಗಿಟ್ಟಳು. “ಇನ್ನು ಈ ಕಡೆ ಕಾಲಿಡಲ್ಲ ಮೇಡಂ” ಎಂದಳು. ಬಲವಂತ ಮಾಡಲು ನನಗೆ ಮನಸ್ಸಾಗಲಿಲ್ಲ. ಅಷ್ಟೊಂದು ಮಕ್ಕಳಿಗೆ ಹನಿ ತಪ್ಪುತ್ತದಲ್ಲ ಎಂಬ ಸಂಕಟ ಬೇರೆ.

“ನಾಳೆ ಸಂಜೆ ಬಾ ಮಗಳೇ,” ಎಂದರು ಅಜ್ಜಿ. “ನಾನಿರ್ತೀನಿ ಮುಂದೆ. ಯಾರು ಕೈ ಎತ್ತುತಾರೋ ನೋಡೇಬಿಡೋಣ.”

ಮರುದಿನ ಸಂಜೆ ಸುಧಾ ನನ್ನ ಜೊತೆ ಬಂದಳು. ಅದೇ ಪೊರಕೆ ಎತ್ತಿ ಹಿಡಿದು ಅಜ್ಜಿ ಮುಂದೆ ನಡೆದರು. “ಪೋಲಿಯೋ ಬಂತು, ಮಕ್ಕಳನ್ನ ಕರ್ಕೊಂಡ್ ಬನ್ರೇ!” ಎಂಬ ಕೂಗಿಗೆ ಬಾಗಿಲುಗಳೆಲ್ಲ ತೆರೆದವು. ಎಕ್ಸ್‌ಗಳೆಲ್ಲ ಒಂದೊಂದಾಗಿ ಪಿ ಆದವು. ಕೊನೆಗೆ ಅಜ್ಜಿಯ ಮೊಮ್ಮಗು ಮುಖ ಕಿವುಚಿ ಹನಿ ನುಂಗಿತು. ಸುಧಾ ಬರೆದ ಪಿ ಸುತ್ತ ಅಜ್ಜಿ ಚುಕ್ಕಿ ಇಟ್ಟು ರಂಗೋಲಿ ಎಳೆದರು. ನನ್ನ ಸೆರಗಿನತ್ತ ಕಣ್ಣು ಮಿಟುಕಿಸಿ, “ಇದನ್ನ ಒರೆಸಂಗಿಲ್ಲ” ಎಂದರು. ಸುಧಾ ಬಿದ್ದು ಬಿದ್ದು ನಕ್ಕಳು. ನನ್ನ ಜೀವ ತಣ್ಣಗಾಯಿತು.

ಆಮೇಲೆ ಹೊಸಬರಿಗೆ ಹೇಳುತ್ತಿದ್ದೆ: ಪೊಲೀಸರ ನಂಬರ್ ಫೋನಿನಲ್ಲಿರಲಿ. ಆದರೆ ಗೋಡೆ ಮುಟ್ಟುವ ಮುಂಚೆ ಅಲ್ಲಿನ ಅಜ್ಜಿಯನ್ನು ಮಾತಾಡಿಸಿ. ಪೊರಕೆ ನಮ್ಮ ಕಡೆಗಿರಬೇಕು.