ನಮ್ಮೂರಿನ ಉಪನ್ಯಾಸಕರು ಬೈಲಹೊಂಗಲಕ್ಕೆ ಬಂದಾಗ

ಅಂಗೈಯಲ್ಲಿ ದೇವರನ್ನು ಇಟ್ಟುಕೊಂಡು, ಉಣ್ಣುವ ಮೊದಲು ಅದರೊಡನೆ ಪಿಸುಮಾತಾಡುವ ಹೆಂಗಸನ್ನು ನಾನು ಮೊದಲ ಸಲ ಕಂಡದ್ದು ನನ್ನದೇ ಅಡುಗೆಮನೆಯ ಮೂಲೆಯಲ್ಲಿ. ಮಂಗಳೂರಿನಲ್ಲಿ ದೇವರೆಂದರೆ ಗುಡಿಯಲ್ಲೋ ದೈವಸ್ಥಾನದಲ್ಲೋ, ನಮ್ಮ ಪಾಲಿಗೆ ಚರ್ಚಿನಲ್ಲೋ ಇರುವವನು. ಬೈಲಹೊಂಗಲದ ಕಡೆ ಶಿವಭಕ್ತ ಮನೆತನದವರು ಅವನನ್ನು ಲಿಂಗವಾಗಿ ಮೈಮೇಲೆ ಕಟ್ಟಿಕೊಂಡೇ ಹೊಲಕ್ಕೂ ಸಂತೆಗೂ ಹೋಗುತ್ತಾರೆ. ಮನೆಗೆಲಸಕ್ಕೆ ನೆರವಾಗಲು ಬರುತ್ತಿದ್ದ ಆ ಹೆಂಗಸಿನ ಹೆಸರು ನೀಲವ್ವ. ಅವಳ ಪೂಜೆ ಮುಗಿಯುವವರೆಗೆ ನಾನು ಸೌಟು ಹಿಡಿದು ನಿಂತೇ ಇದ್ದೆ.

ಹಡಗಿನಲ್ಲಿ ಮರ್ಮಗೋವೆಗೆ, ರೈಲಿನಲ್ಲಿ ಧಾರವಾಡಕ್ಕೆ, ಆಮೇಲೆ ಎತ್ತಿನ ಗಾಡಿಯಲ್ಲಿ ಮೈಯೆಲ್ಲ ನುಗ್ಗಾಗಿ ಇಲ್ಲಿಗೆ ಬಂದವಳು ನಾನು. ಗಂಡನಿಗೆ ಮಿಷನ್ ಶಾಲೆಯಲ್ಲಿ ಮಾಸ್ತರಿಕೆ. ಮಂಗಳೂರಿನಲ್ಲಿ ಹೆಂಚಿನ ಮಾಡು, ಇಲ್ಲಿ ಮಣ್ಣಿನ ಮಾಳಿಗೆ. ಅಲ್ಲಿಯ ಕೆಂಪು ಮಣ್ಣು ಕಾಲಿಗೆ ಬಣ್ಣ ಹಚ್ಚಿದರೆ ಇಲ್ಲಿಯ ಎರೆಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಕುಚ್ಚಲಕ್ಕಿ ಬೇಕೆಂದರೆ ಊರಿನಿಂದ ಯಾರಾದರೂ ತರಬೇಕು. ಜನರ ಮಾತು ಮೊದಮೊದಲು ಬೈಗುಳದಂತೆ ಕೇಳಿಸಿ ಅಳು ಬರುತ್ತಿತ್ತು. “ಯಾಕ ಹಿಂಗ ಸೊರಗೀರಿ? ಉಣ್ಣಂಗಿಲ್ಲೇನು?” ಎಂದು ನೆರೆಯವರು ಗದರುವುದು ಅಕ್ಕರೆಯಿಂದ ಎಂದು ತಿಳಿಯಲು ಒಂದು ಮಳೆಗಾಲ ಹಿಡಿಯಿತು.

ಜೋಳದ ರೊಟ್ಟಿ ಬಡಿಯಲು ಕಲಿಸಿದವಳು ನೀಲವ್ವನೇ. ನನ್ನ ಮೊದಲ ರೊಟ್ಟಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಹಿಟ್ಟಿಗೆ ಅಂಜಬ್ಯಾಡ್ರಿ ಅಕ್ಕಾರ, ಅದೇನ್ ಕಡ್ಯಂಗಿಲ್ಲ.” ಕೊನೆಗೊಂದು ದಿನ ನನ್ನ ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗ ಇಬ್ಬರೂ ಕೂಗಿದ ಕೂಗಿಗೆ ಮಾಸ್ತರರು ಒಳಗೆ ಓಡಿಬಂದರು. ಆದರೂ ಆಕೆ ನನ್ನ ಕೈಯ ಅಡುಗೆ ಮುಟ್ಟಿದವಳಲ್ಲ. ತಾನೇ ನೀರು ಸೇದಿಕೊಂಡು, ತನ್ನ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಳು. ನನಗೆ ಅದರಿಂದ ಬೇಸರವಾಗಲಿಲ್ಲ.

ಅವಳ ಗಂಡ, ಸಂಗೊಳ್ಳಿಯ ಬಸಪ್ಪ, ನಮ್ಮ ಕ್ರೈಸ್ತ ಸಭೆಗೆ ಸೇರಿ ತನ್ನ ಲಿಂಗವನ್ನು ಪಾದ್ರಿಗಳ ಕೈಗೆ ಕೊಟ್ಟಿದ್ದ. “ಒಗೀಬ್ಯಾಡ್ರಿ, ಇಟ್ಟಿರ್ರಿ” ಎಂದಷ್ಟೇ ಕೇಳಿಕೊಂಡಿದ್ದ. ಪಾದ್ರಿಗಳು ಅದನ್ನು ಗಾಜಿನ ಕಪಾಟಿನಲ್ಲಿಟ್ಟರು. ನೀಲವ್ವ ಸೇರಿರಲಿಲ್ಲ. ಮನೋಳಿಯ ತವರಿನವರು ಅವಳನ್ನು ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದಿದ್ದರು. ಆಕೆ ಹೇಳಿದ್ದು ಇಷ್ಟೇ: “ಈ ಜಾತ್ರಿ ಒಂದು ನೋಡತೇನಿ. ನನ್ನ ಗಂಡ ಎಂಥಾ ಮಂದಿ ಕೂಡ ಕುಂತಾರ ನೋಡಿ, ಇರೂದೋ ಹೋಗೂದೋ ಹೇಳತೇನಿ.”

ಜಾತ್ರೆಯೆಂದು ಆಕೆ ಕರೆದದ್ದು ನಮ್ಮ ವಾರ್ಷಿಕ ಸಭೆಯನ್ನು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಕುಟುಂಬಗಳು ಬರುತ್ತವೆ. ದೂರದಿಂದ ಉಪನ್ಯಾಸಕರನ್ನು ಕರೆಸುತ್ತಾರೆ. ಆ ವರ್ಷ ಇಬ್ಬರು. ಒಬ್ಬ ಬಿಳಿಯ ದೊರೆ ನಕ್ಷತ್ರಗಳ ಬಗ್ಗೆ ಮಾತಾಡಿ ಅರ್ಧ ಸಭೆಯನ್ನು ಮಲಗಿಸಿದ. ಇನ್ನೊಬ್ಬರು ನಮ್ಮ ಮಂಗಳೂರಿನವರು! ನಮ್ಮ ಮಾತು ಕೇಳಲು ನನ್ನ ಕಿವಿ ಬಾಯ್ತೆರೆದು ಕೂತಿತ್ತು. ನಮ್ಮ ಮನೆಯಲ್ಲೇ ಇಳಿದರು, ಒಣಮೀನಿನ ಚಟ್ನಿ ಚಪ್ಪರಿಸಿದರು. “ಈ ಕಾಡುಜನರ ನಡುವೆ ನೀವು ಹೇಗೆ ದಿನ ಕಳೀತೀರಿ ಮಾರಾಯ್ರೆ?” ಎಂದರು. ನೀಲವ್ವ ಪಡಸಾಲೆಯಲ್ಲೇ ಇದ್ದಳು.

ಮರುದಿನ ಅವರ ಉಪನ್ಯಾಸ. ವಿಷಯ, ವಿಗ್ರಹಾರಾಧನೆ. ಮಾತಿನ ನಡುವೆ ಜೇಬಿನಿಂದ ಬೆಳ್ಳಿಯ ಕರಡಿಗೆ, ಅಂದರೆ ಲಿಂಗವನ್ನಿಡುವ ಡಬ್ಬಿ, ತೆಗೆದರು. ಪಾದ್ರಿಗಳನ್ನು ಕೇಳಿ ಕಪಾಟಿನಿಂದ ತಂದಿದ್ದರಂತೆ. ಲಿಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ಬಸಪ್ಪನ ಹಳೆಯ ದೇವರು, ಎಷ್ಟು ಭಾರವಿದೆ ನೋಡಿ!” ಎಂದು ಮುಂದಿನ ಬೆಂಚಿಗೆ ದಾಟಿಸಿದರು. ಕೈಯಿಂದ ಕೈಗೆ ಹೋಯಿತು. ಯಾರೋ ಮೂಸಿ ನೋಡಿದರು, ಯಾರೋ ಮೇಲೆಸೆದು ಹಿಡಿದರು, ನಗು ಹಬ್ಬಿತು. ಅವರು ಬಾಯಿಬಿಟ್ಟಷ್ಟೂ ನನ್ನ ತವರಿನ ಇಂಪಾದ ಮಾತೇ ಹೊಲಸಾಗುತ್ತಿತ್ತು. ಬಸಪ್ಪ ತಲೆ ಎತ್ತಲಿಲ್ಲ.

ನೀಲವ್ವ ಎದ್ದಳು. ಗಂಡಸರ ಬೆಂಚುಗಳ ನಡುವೆ ನಡೆದು ಹೋಗಿ ಸೆರಗೊಡ್ಡಿದಳು. “ಕೊಡ್ರಿ ಇಲ್ಲೆ. ಇದು ಅವ್ರು ತೊಟ್ಟಿಲದಾಗ ಇದ್ದಾಗ ಕಟ್ಟಿದ್ದು.” ಹಿಡಿದಿದ್ದವನು ಕೊಟ್ಟ. ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿ ಹೊರನಡೆದಳು.

ನಾನು ಹಿಂದೆಯೇ ಓಡಿದೆ. ಅವಳಿಗಾಗಿ ಕಾದಿದ್ದ ಮನೋಳಿಯ ಗಾಡಿ ಹೂಡಿ ನಿಂತಿತ್ತು.

“ನನ್ನ ಗಂಡಗ ಹೇಳ್ರಿ ಅಕ್ಕಾರ, ಅವ್ರು ಬಿಟ್ಟಿದ್ದು ನನ್ನ ಕಡೆ ಐತಿ. ಬೇಕಾದಾಗ ಬರ್ಲಿ, ಅದನ್ನೂ ನನ್ನೂ ಇಬ್ರನ್ನೂ ಇಸ್ಕೊಂಡು ಹೋಗ್ಲಿ.” ಆಮೇಲೆ ನನ್ನ ಮುಖ ನೋಡಿದಳು. “ಆ ಮನಷ್ಯಾ ನಿಮ್ಮೂರಾವ್ರನ?”

“ಹೌದವ್ವಾ, ನಮ್ಮೂರಾವ್ರ” ಎಂದೆ. ಅಲ್ಲವೆನ್ನಲು ನಾಲಿಗೆ ಹೊರಳಲಿಲ್ಲ. ಅವಳು ಗಾಡಿ ಹತ್ತಿದಳು.

ಹೊರಡುವಾಗ ಉಪನ್ಯಾಸಕರು ನಗುತ್ತ ಕೇಳಿದರು, “ಅಮ್ಮನಿಗೆ ಏನಾದರೂ ಹೇಳಿ ಕಳಿಸುವುದುಂಟಾ?” ವರ್ಷವಿಡೀ ಮನಸ್ಸಿನಲ್ಲಿ ಕೂಡಿಟ್ಟ ಮಾತುಗಳಿದ್ದವು. ಅವರ ಬಾಯಲ್ಲಿ ಅವು ಹೋಗುವುದು ಬೇಡವೆನಿಸಿತು. “ಏನೂ ಇಲ್ಲ” ಎಂದೆ.

ಬಸಪ್ಪ ಇನ್ನೂ ಮನೋಳಿಗೆ ಹೋಗಿಲ್ಲ; ಚರ್ಚಿಗೂ ಬರುತ್ತಿಲ್ಲ. ಬಾವಿಕಟ್ಟೆಯ ಹೆಂಗಸರು ಮೊದಲು ನನ್ನನ್ನು “ಅಕ್ಕಾರ” ಎನ್ನುತ್ತಿದ್ದರು. ಈಗ ನಾನು ಕೊಡ ಹಿಡಿದು ಹೋದರೆ, “ಸರೀರಿ, ಮಂಗಳೂರಾಕಿ ಬಂದ್ಲು” ಎಂದು ಜಾಗ ಬಿಡುತ್ತಾರೆ. ನಾನು ಸೇದಿ ಮುಗಿಸುವವರೆಗೆ ಯಾರೂ ಹತ್ತಿರ ಬರುವುದಿಲ್ಲ.