ಏನೂ ಕಡಿಮೆಯಿಲ್ಲದ ಊರಿನ ನರ್ಸ್‌ಬಾಯಿ

ಹೋದ ವಾರ ಬನವಾಸಿ ಕಡೆಯ ನಮ್ಮೂರಿಗೆ ಬೆಂಗಳೂರಿನಿಂದ ಒಂದು ಜೀಪು ಬಂತು. ಜೀಪಿನಲ್ಲಿ ಒಬ್ಬ ಸಾಹೇಬರು. ಬಂದ ಕೆಲಸ? ನಮ್ಮ ನರ್ಸ್‌ಬಾಯಿಯ ಪೋಸ್ಟು ಬೇಕೋ ಬೇಡವೋ ಎಂದು ನೋಡುವುದು.

ಆ ಪೋಸ್ಟು ಕೊಟ್ಟದ್ದು ಹಿಂದಿನ ಮುಂಬಯಿ ಸರ್ಕಾರ. ಹೆರಿಗೆ ಕೋಣೆ ನೀವು ಕಟ್ಟಿ, ನರ್ಸ್‌ಬಾಯಿಯನ್ನು ನಾವು ಕಳಿಸುತ್ತೇವೆ ಅಂದಿತ್ತು. ಊರವರೇ ಕಲ್ಲು ಹೊತ್ತು ಕಟ್ಟಿದೆವು. ಆಮೇಲೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರೆಲ್ಲ ಒಂದೇ ಮನೆಯವರಾದೆವು ಎಂದು ಸಕ್ಕರೆ ಹಂಚಿದವರಲ್ಲಿ ನಾನೂ ಒಬ್ಬ. ಈಗ ಆ ಹೊಸ ಮನೆಯಲ್ಲಿ ಎಕಾನಮಿ, ಅಂದರೆ ಖರ್ಚು ಕಡಿತ, ಶುರುವಾಗಿದೆ.

ಸಾಹೇಬರ ಊಟ ಊರಿನ ಹಿರಿಯ ವೀರಪ್ಪಜ್ಜನ ಮನೆಯಲ್ಲಿ. ಹೋಳಿಗೆ, ಮೇಲೆ ತುಪ್ಪ. ತುತ್ತು ಎತ್ತುತ್ತಲೇ ಅವರು ಕೇಳಿದರು: "ಏನಜ್ಜಾ, ಊರಲ್ಲಿ ಏನಾದ್ರೂ ತೊಂದರೆ ಇದೆಯಾ?"

"ನಿಮ್ಮಂಥಾವ್ರು ಬಂದೀರಿ, ಇನ್ನೇನ್ ಕಡಿಮಿ ಐತ್ರೀ? ಎಲ್ಲಾ ಆರಾಮ ಐತಿ. ಇನ್ನೊಂದು ಹೋಳಿಗಿ ಹಾಕಿಸ್ಕೋರಿ," ಅಂದ ಅಜ್ಜ.

ಎಲೆಯ ಮುಂದೆ ಕುಳಿತ ಅತಿಥಿಗೆ ನಮ್ಮಲ್ಲಿ ಯಾರಾದರೂ ಕಷ್ಟ ಹೇಳುತ್ತಾರೆಯೇ? ಕೈ ತೊಳೆಯಲಿ, ಆಮೇಲೆ ಹೇಳೋಣ ಎಂದು ಕಾದೆವು. ಕೈ ತೊಳೆದವರು ಮಲಗಿದರು. (ಎಲ್ಲಿ ಗೊತ್ತೇ? ಹೆರಿಗೆ ಕೋಣೆಯಲ್ಲಿ. ಊರಿಗೆಲ್ಲ ಒಳ್ಳೆಯ ಮಂಚ ಇರುವುದು ಅಲ್ಲೇ. ಹೊಸ ಚಾದರ ಹಾಸಿದವರೂ ನಾವೇ.) ಎದ್ದವರು ನೇರವಾಗಿ ಜೀಪು ಹತ್ತಿದರು. ನಾನು ಓಡಿಹೋಗಿ ಪೋಸ್ಟಿನ ಮಾತೆತ್ತಿದೆ.

"ಏನೂ ಕೊರತೆ ಇಲ್ಲ ಅಂತ ನಿಮ್ಮ ಹಿರಿಯರೇ ಅಂದ್ರಲ್ಲ. ಹೋಳಿಗೆ ತಿನ್ನೋ ಊರು. ಈ ತಿಂಗಳಿಗೆ ಪೋಸ್ಟು ಕ್ಲೋಸು."

ನನಗೆ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತಿದೆ.

ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುವ ಜನ ನಾವು. ಸರ್ಕಾರವೂ ಅಳೆಯಲಿ, ಬೇಡವೆಂದವರು ಯಾರು? ಆದರೆ ಕೈ ಬಿಗಿ ಹಿಡಿಯುವ ಯಜಮಾನ ಮೊದಲು ತನ್ನ ನಶ್ಯ ಕಡಿಮೆ ಮಾಡುತ್ತಾನೆ, ಬಸುರಿಯ ಹಾಲನ್ನಲ್ಲ. ಜೀಪಿನ ಪೆಟ್ರೋಲಿಗೆ ಎಕಾನಮಿ ಇಲ್ಲವೇ? ಸಾಹೇಬರು ಬಾಯಿಯನ್ನು ಮಾತಾಡಿಸಲಿಲ್ಲ. ಅಲ್ಲಿ ಹೆತ್ತ ಒಬ್ಬ ಹೆಂಗಸನ್ನೂ ಕೇಳಲಿಲ್ಲ. ನಮ್ಮ ಎಂ.ಎಲ್.ಎ. ಹತ್ತಿರ ಹೋದರೆ, "ಅದು ಫೈನಾನ್ಸ್ ಇಲಾಖೆಯವರ ಕೈಲಿದೆ" ಅಂದರು. ನಾವು ವೋಟು ಹಾಕಿದ್ದು ಫೈನಾನ್ಸಿನವರಿಗೇ?

ವೀರಪ್ಪಜ್ಜ ಅಂದಿನಿಂದ ಕಟ್ಟೆಗೆ ಬರುತ್ತಿಲ್ಲ. ಮೊಮ್ಮಗಳು ಗೌರವ್ವ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಬರುವ ತಿಂಗಳು ಅವಳಿಗೆ ದಿನ ತುಂಬುತ್ತದೆ. ಕಳೆದ ಸಲ ಕೂಸು ಅಡ್ಡ ತಿರುಗಿದ್ದಾಗ ತಾಯಿ, ಕೂಸು ಇಬ್ಬರನ್ನೂ ಬದುಕಿಸಿದ್ದು ಇದೇ ಬಾಯಿ. ಸಿರ್ಸಿಯ ದವಾಖಾನೆಗೆ ಚಕ್ಕಡಿಯಲ್ಲಿ ಹೊರಟರೆ ಅರ್ಧ ದಿನ ಬೇಕು.

ನಿನ್ನೆ ಅಜ್ಜನನ್ನು ಮಾತಾಡಿಸಲು ಹೋಗಿದ್ದೆ. ಗೌರವ್ವ ಬಾಗಿಲಲ್ಲೇ ತಡೆದು ಕೇಳಿದಳು: "ಕಾಕಾ, ಬ್ಯಾನಿ ಸುರುವಾದ್ರ ಯಾರನ್ನ ಕರೀಲಿ, ಆ ಸಾಹೇಬ್ರನ್ನೇನು?"