ಕರೆಮ್ಮ ಕಲಿತ ಸಸಿ ಮಡಿ

ಕಲಿಸುವವರು ಸಿಕ್ಕರೆ ಸಾಕು, ವಿದ್ಯೆ ತಾನಾಗಿ ಬಂದುಬಿಡುತ್ತದೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ಅಂಥವರನ್ನು ಗೋಗಿ ಊರ ಕಡೆಯ ಕರೆಮ್ಮನ ಹೊಲಕ್ಕೆ ಕರೆದೊಯ್ದು ಒಂದು ದಿನ ಕೆಸರಲ್ಲಿ ನಿಲ್ಲಿಸಬೇಕು.

ಕಾಲುವೆ ನೀರು ನಮ್ಮ ಕಡೆ ಹೊಸದಾಗಿ ಬಂದಾಗಿನ ಮಾತು. ಜೋಳ, ತೊಗರಿ ಬಿಟ್ಟರೆ ನಮಗೇನು ಗೊತ್ತಿತ್ತು? ಭತ್ತ ಬೆಳೆಯಲು ಬಾರದ ನಮ್ಮವರು, ದೂರದಿಂದ ಬಂದು ಕ್ಯಾಂಪ್ ಹಾಕಿದ ಭತ್ತದ ರೈತರಿಗೆ ಹೊಲ ಲೀಜಿಗೆ ಕೊಟ್ಟು, ಅದೇ ಹೊಲಕ್ಕೆ ಕೂಲಿಗೆ ಹೋಗತೊಡಗಿದರು. ಕರೆಮ್ಮನ ಗಂಡ ದ್ಯಾವಪ್ಪನೂ ಇದ್ದ ಒಂದೆಕರೆ ಕೊಡಲು ತಯಾರಾಗಿದ್ದ.

"ಒಂದು ಹಂಗಾಮ ತಡಿ, ನಾ ಕಲೀತೀನಿ. ಆಗಲಿಲ್ಲಂದ್ರ ಕೊಟ್ಟುಬಿಡು," ಎಂದಳು ಕರೆಮ್ಮ.

ಊರಲ್ಲಿ ಭತ್ತ ಬಲ್ಲವಳು ಶರೀಫಾಬೀ ಒಬ್ಬಳೇ. ಇಪ್ಪತ್ತು ವರ್ಷ ತುಂಗಭದ್ರಾ ಕಾಲುವೆಯ ಕಡೆ ನಾಟಿ ಮಾಡಿ, ಈಗ ಮಗಳ ಮನೆಗೆ ಬಂದಿದ್ದ ಮುದುಕಿ. ಬಾಯಿ ಜೋರು. ನಮ್ಮಲ್ಲಿ ಹಿರಿಯರನ್ನು ಮತ್ತೆ ಮತ್ತೆ ಕೇಳುವುದು ಮರ್ಯಾದೆಯಲ್ಲ. ಕಲಿಯಲು ಹೋದ ಕರೆಮ್ಮ ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಎದ್ದು ಬಂದಳು. ಎಡವಿದ್ದೇ ಅಲ್ಲಿ.

"ಮೊಳಕಿ ಬೀಜಾ ಕೆಸರ ಮ್ಯಾಲ ಚೆಲ್ಲು" ಎಂದಿದ್ದಳು ಶರೀಫಾಬೀ. ಚೆಲ್ಲಿದ್ದಾಯಿತು. ಆದರೆ ಜೋಳದ ನಾಡಿನ ಕೈ ಸುಮ್ಮನಿರುತ್ತದೆಯೇ? ಬಿತ್ತಿದ್ದಕ್ಕೆ ಮಣ್ಣು ಮುಚ್ಚದಿದ್ದರೆ ಗುಬ್ಬಿಗಳಿಗೆ ಹಬ್ಬ ಎಂದು ಹುಟ್ಟಿದಾಗಿನಿಂದ ಕಂಡವಳು ಅವಳು. ಸಸಿ ಬೆಳೆಸುವ ಮಡಿಯ ತುಂಬ ಅಂಗೈಯಿಂದ ಕೆಸರು ಸವರಿ ಬೀಜ ಮುಚ್ಚಿದಳು. ವಾರ ಕಳೆದರೂ ಹಸಿರಿಲ್ಲ. ಬೆರಳಾಡಿಸಿದರೆ ಕೊಳೆತ ನಾತ.

ದ್ಯಾವಪ್ಪ ಬೈಯಲಿಲ್ಲ. "ಅಯ್ಯಪ್ಪಗ ಹೇಳಿಬಿಡ್ತೀನಿ," ಎಂದ. ಅಯ್ಯಪ್ಪ ಲೀಜು ಕುದುರಿಸುವ ದಲ್ಲಾಳಿ.

"ಅರ್ಧ ಬೀಜ ಇನ್ನೂ ಅದ," ಎಂದಳು ಕರೆಮ್ಮ. ಕೊಳೆತ ಕೆಸರನ್ನೇ ಬುಟ್ಟಿಗೆ ತುಂಬಿಕೊಂಡು, ನಾಚಿಕೆ ನುಂಗಿಕೊಂಡು ಶರೀಫಾಬೀಯ ಅಂಗಳಕ್ಕೆ ಹೋದಳು.

"ಚಾಚಿ, ಹಿಂಗ ಕೆಡಿಸೀನಿ. ಎಲ್ಲಿ ತಪ್ಪಿದೆ ನೋಡ್ರಿ."

"ಯಾ ಅಲ್ಲಾ! ಬೀಜಾ ಹೂಳಿಯೇನು? ಮುಚ್ಚು ಅಂತ ನಾ ಅಂದಿದ್ನೇನು?"

"ಮುಚ್ಚಬ್ಯಾಡ ಅಂತನೂ ಅಂದಿಲ್ರಿ."

ಮುದುಕಿ ನಕ್ಕುಬಿಟ್ಟಳು. ಅವಳ ಮಟ್ಟಿಗೆ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ.

ಅಂದಿನಿಂದ ಕರೆಮ್ಮ ಕೇಳಿದ್ದನ್ನೆಲ್ಲ ತನ್ನ ಬಾಯಿಂದಲೇ ತಿರುಗಿ ಒಪ್ಪಿಸುವಳು, ತಪ್ಪಿದರೆ ಬೈಸಿಕೊಳ್ಳುವಳು. "ಯಾಕ್ರಿ?" ಎಂದು ಕೇಳದೆ ಏಳುತ್ತಿರಲಿಲ್ಲ. "ಎಷ್ಟು ತಲಿ ತಿಂತೀಯೇ!" ಎಂದು ಗೊಣಗುತ್ತಿದ್ದ ಶರೀಫಾಬೀ ಮರುದಿನ ಬಾಗಿಲಲ್ಲೇ ಅವಳಿಗಾಗಿ ಕಾಯುತ್ತ ಕೂತಿರುತ್ತಿದ್ದಳು.

ಎರಡನೇ ಮಡಿ ಹಸಿರಾಯಿತು. ಬೆರಳಷ್ಟು ನೀರು ಸದಾ ನಿಂತಿರಲಿ ಎಂದಿದ್ದಳು ಗುರು. ಒಂದು ಮಧ್ಯಾಹ್ನ ಅವಳೇ ಬಂದು ನೋಡಿದರೆ ನೀರೇ ಇಲ್ಲ, ಕರೆಮ್ಮ ಬದು ಒಡೆದು ಬಿಟ್ಟಿದ್ದಳು.

"ಯಾರ ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ. ನೀರಾಗ ಕೈ ಇಟ್ರ ಸುಡಾಕತ್ತಿತ್ತು. ನೀವು ದುಡದದ್ದು ಮಸಾರಿ ಹೊಲ, ಕೆಂಪು ಮಣ್ಣು ನೀರು ಕುಡೀತದ. ನಮ್ಮ ಎರಿ ಕರಿ ಮಣ್ಣು ಕುಡಿಯಂಗಿಲ್ಲ, ನೀರು ನಿಂತು ಬಿಸಿಲಿಗೆ ಕಾಯ್ತದ. ಸಂಜಿಗೆ ಮತ್ತ ನೀರು ಬಿಡ್ತೀನಿ. ತಪ್ಪಾಗಿದ್ರ ಹೇಳ್ರಿ."

ಶರೀಫಾಬೀ ಒಂದು ಸಸಿ ಕಿತ್ತು ಬೇರು ನೋಡಿದಳು. ಬೆಳ್ಳಗಿತ್ತು, ಕೊಳೆತಿರಲಿಲ್ಲ. "ಇದು ನನಗೂ ಗೊತ್ತಿರಲಿಲ್ಲವ್ವ," ಎಂದಳು. ಕರೆಮ್ಮನ ಕಣ್ಣು ತುಂಬಿ ಬಂತು.

ನಾಟಿಯ ದಿನ ಅಯ್ಯಪ್ಪ ಲೀಜಿನ ಕಾಗದ ಹಿಡಿದು ಬದುವಿನ ಮೇಲೆ ಬಂದು ನಿಂತ. ದ್ಯಾವಪ್ಪ ಹೆಂಡತಿಯ ಕಡೆ ನೋಡಿದ. ಅವಳು ಸಸಿ ಕೀಳುತ್ತಲೇ ಹೇಳಿದಳು:

"ಹೊಲ ಕೊಡಂಗಿಲ್ರಿ ಅಣ್ಣಾ. ಸಸಿ ಬೇಕಂದ್ರ ಒಯ್ಯರಿ, ನಮಗ ಮಿಕ್ಕ್ಯಾವ."